ಯಾರ ಕೊರಳಿಗೆ ಹಾರ

ಟಿ. ನರಸೀಪುರ
9 ಫೆಬ್ರವರಿ 2025

ಶಾಲಿನಿಗೆ ವಾಣಿಯಿಂದ,

ಹೇಗಿದ್ದೀಯ ಎಂದು ಕೇಳಿದರೆ ‘ಇದ್ದೀನಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀಯ. ಅದಕ್ಕೇ ಕೇಳುವುದಿಲ್ಲ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ, ನಮ್ಮ ವಾರಗಿತ್ತಿಗೆ ಏನು ಬಂತು ಎಂದು ನಗಬೇಡ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಇವರ ಫೋನಿನಿಂದ ಮಾಡೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತು ‘ಸ್ಪೀಕರ್ ಆಕು, ನಾನೂ ಕೇಳ್ತೀನಿ’ ಅನ್ನುತ್ತಾರೆ. ಕಣ್ಣಿಗೆ ಪೊರೆ ಬಂದ ಮೇಲೆ ಅವರ ಕಿವಿ ಇನ್ನೂ ಚುರುಕಾಗಿದೆ.

ವಿಷಯ ಇಷ್ಟು. ನಮ್ಮ ಪೇಟೆಯ ಸರ್ಕಲ್ಲಿನಲ್ಲಿ ಯೋಧರ ಸ್ಮಾರಕ ಕಟ್ಟಿಸುತ್ತಿದ್ದಾರೆ. ತಾಲ್ಲೂಕಿನಿಂದ ಸೈನ್ಯಕ್ಕೆ ಹೋಗಿ ಪ್ರಾಣ ಬಿಟ್ಟವರ ಹೆಸರುಗಳೆಲ್ಲ ಕಲ್ಲಿನ ಮೇಲೆ, ಅದರ ಮೇಲೆ ಬಂದೂಕು ಹಿಡಿದ ಸೈನಿಕನ ಕಂಚಿನ ಪ್ರತಿಮೆ. ಕೊನೆಯಲ್ಲಿ ಹೋದವನು ನಮ್ಮ ಶಿವರಾಜು, ತಾಯಿಯೂ ಇದೇ ಊರಿನಲ್ಲಿದ್ದಾರೆ, ಆದ್ದರಿಂದ ಪ್ರತಿಮೆಗೆ ಅವನ ಮುಖವೇ ಇರಲಿ ಎಂದು ಸಮಿತಿಯಲ್ಲಿ ತೀರ್ಮಾನವಾಯಿತಂತೆ. ಸಮಿತಿಗೆ ಅಧ್ಯಕ್ಷರು ನಂಜುಂಡಯ್ಯ ಮೇಷ್ಟ್ರು. ಅವರೇ ಮನೆಗೆ ಬಂದು ಹೇಳಿದರು. ಅತ್ತೆ ಅವರ ಎರಡೂ ಕೈ ಹಿಡಿದುಕೊಂಡು, ‘ನನ್ ಮಗ ಮೂರೊರ್ಸುದ್ ಮೇಲೆ ಊರ್ಗ್ ಬತ್ತಾವ್ನೆ ಅನ್ನಿ ಸಾ’ ಎಂದು ಅತ್ತರು.

ಶಿಲ್ಪಿಯ ಹೆಸರು ಪ್ರೇಮ್‌ಕುಮಾರ್. ಅವರ ಶೆಡ್ಡು ನಿಮ್ಮ ನಂಜನಗೂಡಿನಲ್ಲೇ, ಚಿಕ್ಕಯ್ಯನಛತ್ರದ ರಸ್ತೆಯಲ್ಲಿ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೆಗೆದ ಫೋಟೋ ಬೇಕಂತೆ. ನಮ್ಮ ಹತ್ತಿರ ಇರುವುದು ಮದುವೆಯ ಫೋಟೋ, ಅದರಲ್ಲಿ ಅರ್ಧ ಮುಖ ಬಾಸಿಂಗದೊಳಗಿದೆ. ಇನ್ನೊಂದು ಹೆಬ್ಬೆರಳಿನಷ್ಟು ದೊಡ್ಡ ಗುರುತಿನ ಚೀಟಿಯದು. ನಿನ್ನ ಫೋನಿನಲ್ಲಿ ನೂರಾರು ಇವೆ ಎಂದು ನನಗೆ ಗೊತ್ತು. ಒಂದು ಹತ್ತು ಕಳಿಸಿಬಿಡು.

ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಂಡರೂ ಅಂದುಕೋ. ಇವರು ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದಾರೆ. ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಅದೇ ಸರ್ಕಲ್ಲಿನಲ್ಲಿ ಬರುತ್ತಾರೆ. ಒಬ್ಬರೂ ತಿರುಗಿ ನೋಡುವುದಿಲ್ಲ. ಅತ್ತೆಯ ಬಾಯಲ್ಲಂತೂ ದಿನವಿಡೀ ಚಿಕ್ಕವನ ಹೆಸರೇ. ಅನ್ನ ಹಾಕುವವನು ದೊಡ್ಡವನು.

ನನ್ನ ಮಗಳು ಪಲ್ಲವಿ ಚೆನ್ನಾಗಿದ್ದಾಳೆ. ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ವಾಣಿ


ನಂಜನಗೂಡು
2 ಮಾರ್ಚ್ 2025

ವಾಣಕ್ಕನಿಗೆ,

ಫೋಟೋ ಕೊಡುವುದಿಲ್ಲ.

ಸಮಿತಿಯವರು ಹಂಚಿದ ಕರಪತ್ರ ನನಗೂ ಬಂತು. ‘ವೀರಮಾತೆ ಸಣ್ಣತಾಯಮ್ಮನವರ ಸುಪುತ್ರ’ ಎಂದು ಅಚ್ಚಾಗಿದೆ. ನನ್ನವರಿಗೆ ಒಬ್ಬಳು ಹೆಂಡತಿ ಇದ್ದಳು ಎನ್ನುವ ಮಾತು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಊರಿಗೆ ಅವರ ಮುಖ ಬೇಕು, ಆ ಮುಖ ನೋಡಿಕೊಂಡು ಬದುಕಿದವಳು ಬೇಡ.

ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ನಿನ್ನ ಸೀಮಂತದ ದಿನ ನಾನು ಬೆಳಗಿನಿಂದ ನಿಂತು ಒಬ್ಬಟ್ಟು ಬೇಯಿಸಿದೆ. ಅರಿಶಿನ ಕುಂಕುಮ ಹಚ್ಚುವ ಹೊತ್ತಿಗೆ ಅತ್ತೆ, ‘ಶಾಲಿನಿ ಒಳ್ಗೇ ಇರ್ಲಿ ಕಣ್ರವ್ವಾ, ಇದು ಮುತ್ತೈದೇರ್ ಮಾಡೋ ಕೆಲ್ಸ’ ಅಂದರು. ನೀನು ಹಸೆಯ ಮೇಲೆ ಕೂತಿದ್ದೆ. ನನ್ನನ್ನು ನೋಡಿದೆ, ಆಮೇಲೆ ನಿನ್ನ ಬಳೆಗಳನ್ನು ನೋಡಿಕೊಂಡೆ. ಒಂದು ಮಾತು ಆಡಲಿಲ್ಲ. ಮುಂದಿನ ತಿಂಗಳು ನಾನು ಇಲ್ಲಿ ಕಾಲೇಜಿನ ಲೈಬ್ರರಿಗೆ ಕೆಲಸಕ್ಕೆ ಬಂದೆ. ‘ಬಿಟ್ಟು ಹೋದಳು’ ಎಂದು ನೀವೆಲ್ಲ ಹೇಳಿಕೊಂಡು ತಿರುಗಿದಿರಿ.

ನನ್ನ ಫೋನಿನಲ್ಲಿರುವುದು ಸೈನಿಕನ ಫೋಟೋಗಳಲ್ಲ. ರೈಲಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿರುವುದು, ಹಲ್ಲಿಗೆ ಪೇಸ್ಟು ಮೆತ್ತಿಕೊಂಡು ವಿಡಿಯೋ ಕಾಲಿನಲ್ಲಿ ಅಣಕಿಸುತ್ತಿರುವುದು. ಅವು ಸರ್ಕಲ್ಲಿಗೆ ಬರುವಂಥವಲ್ಲ. ಇರುವ ನಾಲ್ಕು ಒಳ್ಳೆಯವೂ ನನ್ನವು.

ನಿನಗೆ ಇಡೀ ಮನುಷ್ಯನೇ ಇದ್ದಾನೆ. ನನಗೆ ಇರುವುದು ಫೋಟೋ. ಅದನ್ನೂ ಕೇಳುತ್ತೀಯಲ್ಲ ಅಕ್ಕ.

ಶಾಲಿನಿ


ಟಿ. ನರಸೀಪುರ
23 ಮಾರ್ಚ್ 2025

ಶಾಲಿನಿ,

ಇಟ್ಟುಕೋ ನಿನ್ನ ಫೋಟೋಗಳನ್ನು. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗು. ನೀನು ಕೊಡದಿದ್ದರೆ ಕೆಲಸ ನಿಲ್ಲುತ್ತದೆ ಅಂದುಕೊಂಡಿದ್ದರೆ ತಪ್ಪು.

ಮೇಷ್ಟ್ರ ಜೊತೆ ಪ್ರೇಮ್‌ಕುಮಾರ್ ಮನೆಗೆ ಬಂದಿದ್ದರು. ಮದುವೆಯ ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿ ತಲೆಯಾಡಿಸಿದರು. ಆಮೇಲೆ ಇವರನ್ನು ನೋಡಿದರು. ‘ಒಡಹುಟ್ಟಿದವರಲ್ಲವಾ, ಮೂಳೆಯ ಕಟ್ಟು ಒಂದೇ ಇದೆ, ಇವರನ್ನೇ ಕೂರಿಸಿಕೊಂಡು ಮಾಡುತ್ತೇನೆ’ ಎಂದು ಅವರೇ ಹೇಳಿದರು. ಇವರು, ‘ಅಯ್ಯೋ ನಾನ್ಯಾಕ್ ಸಾ, ನಂಗ್ ಹಾಲ್ ಕರೆಯೋ ಒತ್ತು’ ಎಂದು ಕೊಟ್ಟಿಗೆಗೆ ಓಡಿದರು. ಹಿಡಿದು ತಂದೆವು. ಅತ್ತೆ ಅವತ್ತು ಮನೆಯಲ್ಲಿರಲಿಲ್ಲ, ಅವರಿಗೆ ಹೇಳಿಯೂ ಇಲ್ಲ.

ಈಗ ಪ್ರತಿ ಭಾನುವಾರ ಬನಿಯನ್ನು ಬದಲಿಸಿ, ತಲೆ ಬಾಚಿಕೊಂಡು ನಂಜನಗೂಡಿನ ಬಸ್ಸು ಹತ್ತುತ್ತಾರೆ. ಮೀಸೆಯನ್ನು ಮಿಲಿಟರಿಯವರ ಹಾಗೆ ಕತ್ತರಿಸಿಕೊಳ್ಳಬೇಕಂತೆ, ಕೂದಲೂ ಹಾಗೇ. ಶಿವರಾಜುವಿನ ಗುರುತಿನ ಚೀಟಿಯ ಫೋಟೋ ನೋಡಿಕೊಂಡು ಬನ್ನೂರಿನ ನನ್ನ ತಮ್ಮನೇ ಕತ್ತರಿಸಿದ. ಕನ್ನಡಿ ತೋರಿಸಿದರೆ ಇವರು ಮೀಸೆ ಮುಟ್ಟಿ ಮುಟ್ಟಿ ನೋಡಿಕೊಂಡರು. ನಾನೂ ಒಂದು ಗಳಿಗೆ ಹೆದರಿದೆ, ಆಮೇಲೆ ಚೆನ್ನಾಗಿದೆ ಅನ್ನಿಸಿತು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಗಂಡನನ್ನು ಬೀದಿಯವರು ತಿರುಗಿ ನೋಡುತ್ತಿದ್ದಾರೆ. ನನಗೆ ಅದು ಬೇಕಿತ್ತು, ಬೇಕಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಸಮವಸ್ತ್ರಕ್ಕೂ ತೊಂದರೆಯಾಗಲಿಲ್ಲ. ಮನೆಯಲ್ಲೇ ಇತ್ತು.

ವಾಣಿ


ಟಿ. ನರಸೀಪುರ
21 ಏಪ್ರಿಲ್ 2025

ಶಾಲಿನಿ,

ನೀನು ಉತ್ತರ ಬರೆಯಲಿಲ್ಲ. ನಾನೂ ಸುಮ್ಮನಿರಬೇಕೆಂದಿದ್ದೆ, ಆಗಲಿಲ್ಲ.

ಒಂದು ಮಾತು ಕೇಳಬೇಕು. ಇವರು ಮೊದಮೊದಲು ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರುತ್ತಿದ್ದರು. ಈಗ ಸಂಜೆಯಾಗುತ್ತದೆ. ಕೇಳಿದರೆ, ‘ಮಣ್ ಒಣ್ಗೋಯ್ತದೆ ಕಣೇ, ನಡುವಲ್ ಎದ್ದೇಳಂಗಿಲ್ಲ’ ಅನ್ನುತ್ತಾರೆ. ಹೋಗುವಾಗ ಒಂದು ಸಲ ನಮ್ಮ ತೋಟದ ತೆಂಗಿನಕಾಯಿ ತೆಗೆದುಕೊಂಡು ಹೋದರು. ಶಿಲ್ಪಿಗಂತೆ. ಶಿಲ್ಪಿಗೆ ತೆಂಗಿನಕಾಯಿ ಯಾಕೆ? ಕಿಸೆಯಲ್ಲಿ ಬಾಚಣಿಗೆ ಬೇರೆ.

ನಿನ್ನ ಮನೆಗೆ ಬರುತ್ತಾರಾ? ಬಂದರೆ ಬಂದರು ಎಂದು ಬರೆ, ನಾನೇನೂ ಹುಲಿಯಲ್ಲ. ಬರದಿದ್ದರೆ ಬರಲಿಲ್ಲ ಎಂದು ಬರೆ. ನೀನು ಬರೆಯದೆ ಇದ್ದರೆ ನನ್ನ ತಲೆಯೊಳಗೆ ನಾನೇ ಏನೇನೋ ಬರೆದುಕೊಳ್ಳುತ್ತೇನೆ.

ವಾಣಿ


ನಂಜನಗೂಡು
11 ಮೇ 2025

ವಾಣಕ್ಕ,

ಭಾವ ನನ್ನ ಮನೆಗೆ ಬಂದಿಲ್ಲ. ತೆಂಗಿನಕಾಯಿಯೂ ಬಂದಿಲ್ಲ. ನಿನ್ನ ಗಂಡನನ್ನು ಕಿತ್ತುಕೊಳ್ಳುವ ಮನಸ್ಸು ನನಗೆ ಇಲ್ಲ. ನನಗೆ ಸಿಟ್ಟು ಬರುವುದು ಬೇರೆಯದಕ್ಕೆ, ಅದನ್ನೇ ಬರೆಯುತ್ತೇನೆ.

ಹೋದ ಭಾನುವಾರ ಬಸ್ ಸ್ಟ್ಯಾಂಡಿನ ಹತ್ತಿರ ತರಕಾರಿ ಆರಿಸುತ್ತಿದ್ದೆ. ನರಸೀಪುರದ ಬಸ್ಸಿನಿಂದ ನನ್ನವರು ಇಳಿದರು. ಅದೇ ಮೀಸೆ, ಅದೇ ಕೂದಲು. ಇಳಿದ ತಕ್ಷಣ ಸೊಂಟಕ್ಕೆ ಕೈ ಕೊಟ್ಟು ಎರಡೂ ಕಡೆ ನೋಡುವ ಅದೇ ರೀತಿ. ನನ್ನ ಬಾಯಿಂದ ಹೆಸರು ಬಂದೇಬಿಟ್ಟಿತು. ಆ ಮನುಷ್ಯ ತಿರುಗಿ, ‘ಯಾರು, ಶಾಲಿನೀನಾ? ಚೆನ್ನಾಗಿದ್ದೀಯವ್ವ?’ ಅಂದರು. ಭಾವ. ನನ್ನ ಕೈಯಿಂದ ಬದನೆಕಾಯಿ ಎಲ್ಲ ಚೆಲ್ಲಿತು. ಅವರೇ ಬಗ್ಗಿ ಆರಿಸಿಕೊಟ್ಟರು. ಪಾಪ, ಅವರಿಗೆ ಏನಾಯಿತೆಂದು ಗೊತ್ತಾಗಲೂ ಇಲ್ಲ.

ನಾನು ಅವರ ಜೊತೆಗೇ ಶೆಡ್ಡಿಗೆ ಹೋದೆ. ಭಾವ ಚೀಲದಿಂದ ಸಮವಸ್ತ್ರದ ಶರ್ಟು ತೆಗೆದು ಹಾಕಿಕೊಂಡರು. ನನ್ನ ಟ್ರಂಕಿನಲ್ಲಿದ್ದ ಶರ್ಟು. ನಾನು ಬೀಗ ಹಾಕಿ ನಿಮ್ಮ ಅಟ್ಟದ ಮೇಲೆ ಇಟ್ಟು ಬಂದಿದ್ದ ಟ್ರಂಕು. ನನ್ನವರು ಕೊನೆಯ ಸಲ ರಜಕ್ಕೆ ಬಂದಾಗ ಬಿಚ್ಚಿ ಹಾಕಿದ್ದು, ಅದನ್ನು ನಾನು ಒಗೆದಿರಲಿಲ್ಲ. ಹತ್ತಿರ ಹೋಗಿ ಮೂಸಿದೆ. ನಿಮ್ಮ ಮನೆಯ ಸೋಪಿನ ವಾಸನೆ, ಗಂಜಿಯ ವಾಸನೆ. ಇಸ್ತ್ರಿ ಬೇರೆ ಹಾಕಿದ್ದೀಯ. ಅಕ್ಕ, ನೀನು ಅದನ್ನು ಒಗೆದುಬಿಟ್ಟೆ.

ಇನ್ನೊಂದು ವಿಷಯವೂ ಅಲ್ಲಿ ಗೊತ್ತಾಯಿತು. ‘ಇವರ ಮುಖವನ್ನೇ ಇಡೋಣ ಅನ್ನೋದು ನನಗೆ ಹೊಳೆದಿರಲಿಲ್ಲ ಮೇಡಮ್, ಮನೆಯವರೇ ಹೇಳಿದ್ದು, ಒಳ್ಳೆಯದೇ ಆಯಿತು’ ಅಂದರು ಪ್ರೇಮ್‌ಕುಮಾರ್. ಶಿಲ್ಪಿಯೇ ಕೇಳಿದರು ಎಂದು ನೀನು ಬರೆದಿದ್ದೆ.

ಮಣ್ಣು ಇನ್ನೂ ಹಸಿಯಾಗಿತ್ತು. ‘ನಿಮ್ಮ ಹತ್ತಿರ ಫೋಟೋ ಇದ್ದರೆ ಈಗಲೇ ಕೊಡಿ, ಮುಖ ಪೂರ್ತಿ ತಿದ್ದುತ್ತೇನೆ, ಮುಂದಿನ ವಾರ ಅಚ್ಚು ತೆಗೆದ ಮೇಲೆ ಏನೂ ಮಾಡುವ ಹಾಗಿಲ್ಲ’ ಅಂದರು. ಫೋನು ಕೈಯಲ್ಲೇ ಇತ್ತು. ಫೋಟೋ ತೆರೆದೂ ಇಟ್ಟಿದ್ದೆ. ಕೊಡಲಾಗಲಿಲ್ಲ. ಕೊಟ್ಟರೆ ಅವರು ಎಲ್ಲರವರಾಗುತ್ತಾರೆ. ಬಸ್ಸಿಗೆ ಕಾಯುವವರು, ಕಡ್ಲೆಕಾಯಿ ತಿನ್ನುವವರು, ಫ್ಲೆಕ್ಸ್ ಕಟ್ಟುವವರು, ಎಲ್ಲರೂ ನೋಡುತ್ತಾರೆ. ಹಾಗೆಂದು ಭಾವನ ಮುಖ ಅಲ್ಲಿ ನಿಲ್ಲುವುದನ್ನೂ ನನಗೆ ಸಹಿಸಲಾಗುತ್ತಿಲ್ಲ. ಪ್ರಾಣ ಕೊಟ್ಟವರು ನನ್ನವರು, ಸರ್ಕಲ್ಲಿನಲ್ಲಿ ನಿಲ್ಲುವವರು ನಿನ್ನವರು. ಕೊಡುವುದಕ್ಕೂ ಮನಸ್ಸಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ. ಹೀಗಿದ್ದೇನೆ ನಾನು.

ಒಂದೇ ಒಂದು ತಿದ್ದುಪಡಿ ಮಾಡಿಸಿ ಬಂದಿದ್ದೇನೆ. ಪ್ರತಿಮೆ ಬಂದಾಗ ಗದ್ದ ನೋಡು.

ಶಾಲಿನಿ


ಟಿ. ನರಸೀಪುರ
20 ಜುಲೈ 2025

ಶಾಲಿನಿ,

ನಿನ್ನ ಕಾಗದಕ್ಕೆ ಉತ್ತರ ಬರೆದು ಬರೆದು ಹರಿದು ಹಾಕಿದ್ದೇನೆ. ಶರ್ಟಿನ ವಿಷಯಕ್ಕೆ ಏನು ಬರೆಯಲಿ? ಮಾಸಿದ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪೂಜ್ಯವಾದದ್ದು, ಕೊಳೆಯಾಗಿರಬಾರದು ಎಂದುಕೊಂಡೆ. ನೀನು ಬೇಕೆಂದೇ ಒಗೆಯದೆ ಇಟ್ಟಿದ್ದೀಯೆಂದು ತಿಳಿದಿದ್ದರೆ ಮುಟ್ಟುತ್ತಿರಲಿಲ್ಲ. ಇವರ ಹೆಸರನ್ನು ನಾನೇ ಹೇಳಿದ್ದೂ ನಿಜ. ಅದಕ್ಕೆ ಈಗ ಅನುಭವಿಸುತ್ತಿದ್ದೇನೆ, ಕೇಳು.

ಹೋದ ವಾರ ಪ್ರತಿಮೆ ಲಾರಿಯಲ್ಲಿ ಬಂತು. ಕ್ರೇನಿನಲ್ಲಿ ಎತ್ತಿ ನಿಲ್ಲಿಸಿ, ನೀಲಿ ಟಾರ್ಪಾಲಿನಲ್ಲಿ ಸುತ್ತಿದ್ದಾರೆ. ಸುತ್ತುವ ಮುಂಚೆ ನಾನೂ ಅತ್ತೆಯೂ ಹೋಗಿ ನೋಡಿದೆವು. ಇವರೇ, ಇಷ್ಟೆತ್ತರ, ಬಂದೂಕು ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಾ ನಿಂತಿದ್ದಾರೆ. ನನಗೆ ಎದೆ ತುಂಬಿ ಬಂತು. ಆಮೇಲೆ ಗದ್ದ ನೋಡಿದೆ. ಕಬ್ಬಿನ ಗಾಯ.

ಆ ಗಾಯ ಆದದ್ದು ಇವರಿಂದಲೇ. ಚಿಕ್ಕಂದಿನಲ್ಲಿ ಬನ್ನೂರಿನ ಕಬ್ಬಿನ ಗದ್ದೆಯಲ್ಲಿ ಒಂದು ಜಲ್ಲೆಗೆ ಇಬ್ಬರೂ ಕಿತ್ತಾಡಿ, ಇವರು ಅದೇ ಜಲ್ಲೆಯಿಂದ ತಮ್ಮನಿಗೆ ಬಾರಿಸಿದ್ದರಂತೆ. ನೀನು ನನ್ನ ಗಂಡನ ಗದ್ದದ ಮೇಲೆ ನಿನ್ನ ಗಂಡನ ಗಾಯ ಇರಿಸಿದ್ದೀಯ. ಮೊದಲು ನಿನ್ನನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ಅಷ್ಟರಲ್ಲಿ ಅತ್ತೆ, ‘ನಂಗ್ ಕಾಣಾಕಿಲ್ಲ, ಎತ್ರಕ್ಕಾರ ಅತ್ತಿಸ್ರಪ್ಪ’ ಎಂದು ಹಟ ಮಾಡಿದರು, ಇಬ್ಬರು ಹಿಡಿದುಕೊಂಡು ಏಣಿ ಹತ್ತಿಸಿದರು. ಕೈಯಿಂದ ಮೂಗು ಮುಟ್ಟಿದರು, ಕೆನ್ನೆ ಮುಟ್ಟಿದರು. ಗದ್ದ ಮುಟ್ಟಿದಾಗ, ‘ನನ್ ಮಗಾನೇ’ ಎಂದು ಆ ಕಂಚಿಗೆ ಮುಖ ಇಟ್ಟರು. ಆ ಗಾಯಕ್ಕೆ ಅರಿಶಿನ ಮೆತ್ತಿದ ಕೈ ಅದು.

ವಾಪಸ್ಸು ಬರುವಾಗ ಸರ್ಕಲ್ಲಿನಲ್ಲಿ ಹೂವು ಮಾರುವ ಮಲ್ಲಾಜಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ‘ಏನವ್ವ ವಾಣಿ, ಅದು ನಿನ್ ಗಂಡನ್ ಮಖ ಕಣೇ. ಊರೋರ್ ಕಣ್ಗೆ ಕಾಣ್ದಿದ್ರೂ ನಂಗ್ ಕಾಣ್ತದೆ, ದಿನಾ ಹಾಲಿನ್ ಕ್ಯಾನ್ ಇಡ್ಕಂಡ್ ಓಯ್ತಾನೆ. ಆಗಸ್ಟ್ ಅದ್ನೈದ್ಕೆ ದೊಡ್ ಆರಕ್ಕೆ ಆರ್ಡರ್ ಕೊಟ್ಟವ್ರೆ. ಬದ್ಕಿರೋನ್ ಕೊರ್ಳ್ಗೆ ಸತ್ತೋರಿಗ್ ಆಕೋ ಆರಾನಾ? ನಾನ್ ಕಟ್ಕೊಡಾಕಿಲ್ಲ, ಬೇರೆ ಯಾರ್ನಾರ ನೋಡ್ಕಳ್ಲಿ’ ಅಂದಳು.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಬದುಕಿರುವವರ ಫೋಟೋಕ್ಕೆ ಹೂವಿಟ್ಟರೂ ನಮ್ಮ ಕಡೆ ಎಷ್ಟು ಬೈಯುತ್ತಾರೆ, ನಿನಗೆ ಗೊತ್ತು. ಇಲ್ಲಿ ಊರಿಗೆ ಊರೇ ನಿಂತು, ಮೌನಾಚರಣೆ ಮಾಡಿ, ನನ್ನ ಗಂಡನ ಕೊರಳಿಗೆ ಹಾರ ಹಾಕುತ್ತದೆ. ಮೊನ್ನೆ ಇವರಿಗೆ ಜ್ವರ ಬಂತು. ಮಳೆಯಲ್ಲಿ ನೆಂದ ಜ್ವರ, ಹೋಯಿತು. ಆದರೆ ನಾನು ರಾತ್ರಿಯೆಲ್ಲ ಹಾಸಿಗೆಯ ಪಕ್ಕ ಕೂತು ಹಣೆ ಮುಟ್ಟಿ ನೋಡುತ್ತಿದ್ದೆ. ಇವರಿಗೆ ಹೇಳಿದರೆ ನಗುತ್ತಾರೆ, ‘ಕಂಚಿಗ್ ಜ್ವರ ಬತ್ತದಾ’ ಅನ್ನುತ್ತಾರೆ.

ಮೇಷ್ಟ್ರಿಗೆ ಹೇಳಿ ನಿಲ್ಲಿಸೋಣವೆಂದರೆ ಅತ್ತೆಗೆ ಗೊತ್ತಾಗುತ್ತದೆ. ಅದು ಶಿವರಾಜು ಅಲ್ಲ, ದೊಡ್ಡವನು ಎಂದರೆ ಆ ಮುದುಕಿ ಮಗನನ್ನು ಇನ್ನೊಂದು ಸಲ ಕಳೆದುಕೊಳ್ಳುತ್ತದೆ. ಹಾರ ಹಾಕುವವಳು ನೀನೇ ಎಂದು ಸಮಿತಿಯಲ್ಲಿ ಗೊತ್ತು ಮಾಡಿದ್ದಾರೆ. ಮಂತ್ರಿಗಳು ಬರುತ್ತಾರಲ್ಲ, ವೀರಪತ್ನಿ ಇದ್ದರೆ ಚೆಂದ ಎಂದು ಯಾರೋ ಹೇಳಿದರಂತೆ. ನೀನು ಒಲ್ಲೆ ಅನ್ನು ಶಾಲಿನಿ. ಹಾಕಲೇಬೇಕಾದರೂ ಕೊರಳಿಗೆ ಮಾತ್ರ ಬೇಡ. ಸೀಮಂತದ ದಿನ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇವತ್ತು ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ.

ವಾಣಿ


ನಂಜನಗೂಡು
6 ಆಗಸ್ಟ್ 2025

ವಾಣಕ್ಕ,

ಆಮಂತ್ರಣ ಬಂತು. ಈ ಸಲ ನನ್ನ ಹೆಸರು ಇದೆ, ಮಂತ್ರಿಯ ಹೆಸರಿನ ಕೆಳಗೆ.

ಅರಿಶಿನ ಕುಂಕುಮಕ್ಕೆ ಬೇಡವಾಗಿದ್ದ ಕೈ ಹಾರಕ್ಕೆ ಬೇಕಾಯಿತು. ಬರುತ್ತೇನೆ. ಹಾರ ನಾನೇ ಹಾಕುತ್ತೇನೆ. ಆ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.

ನೀನು ಕೇಳಿದ್ದಕ್ಕೆ ಈಗ ಏನೂ ಹೇಳಲಾರೆ. ಹೇಳಿದರೆ ಸುಳ್ಳಾಗಬಹುದು.

ಶಾಲಿನಿ


ಟಿ. ನರಸೀಪುರ
8 ಸೆಪ್ಟೆಂಬರ್ 2025

ಶಾಲಿನಿ,

ಅವತ್ತು ಸಮಾರಂಭ ಮುಗಿದ ಕೂಡಲೇ ನೀನು ಬಸ್ಸು ಹತ್ತಿ ಹೊರಟುಬಿಟ್ಟೆ. ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಹಿಂದೆ ಓಡಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಇಷ್ಟು ದಿನ ಆದ ಮೇಲೆ ಬರೆಯಲು ಕೂತಿದ್ದೇನೆ.

ನೀನು ಹಾರ ಹಿಡಿದು ಮರದ ಮೆಟ್ಟಿಲು ಹತ್ತಿದಾಗ ನಾನು ಜನರ ನಡುವೆ ನಿಂತಿದ್ದೆ. ಬ್ಯಾಂಡಿನವರು ನಿಲ್ಲಿಸಿದರು. ನೀನು ಮೇಲಿನ ಮೆಟ್ಟಿಲಿಗೆ ಹೋಗಿ ಹಾರವನ್ನು ಎತ್ತಿ ಹಿಡಿದೆ. ಅಷ್ಟೇ ನಾನು ನೋಡಿದ್ದು. ಕಣ್ಣು ಮುಚ್ಚಿ ತಾಳಿ ಹಿಡಿದುಕೊಂಡೆ. ಎಲ್ಲೆಲ್ಲೂ ನಿಶ್ಶಬ್ದ. ಹಾಕಿಬಿಟ್ಟಳು ಎಂದುಕೊಂಡೆ. ನಿನ್ನ ಮೇಲೆ ಹುಟ್ಟಿದ ದ್ವೇಷ ಎಂಥದ್ದು ಎಂದು ಬರೆಯುವುದಿಲ್ಲ, ನಿನಗೂ ಅದರ ಪರಿಚಯ ಇದೆ. ಕಣ್ಣು ಬಿಟ್ಟಾಗ ನೀನು ಕೆಳಗಿನ ಮೆಟ್ಟಿಲಿನಲ್ಲಿ ಕೂತಿದ್ದೆ. ಹಾರ ಆ ಎರಡು ಬೂಟುಗಳ ಸುತ್ತ ಇತ್ತು. ನಿನ್ನ ಹಣೆಯೂ ಅಲ್ಲೇ.

ಜನ ಗೊಳೋ ಎಂದು ಅತ್ತರು. ಮಂತ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ಮೈಕಿನಲ್ಲಿ, ಗಂಡನ ಪಾದದಲ್ಲಿ ಹೂವಿಟ್ಟ ಸಾಧ್ವಿ ಎಂದು ಏನೇನೋ ಹೇಳಿದರು. ಮಾರನೆಯ ದಿನ ಪೇಪರಿನಲ್ಲಿ ದೊಡ್ಡ ಫೋಟೋ. ಅಲ್ಲೂ ನನಗೆ ಸುಮ್ಮನಿರಲಾಗಲಿಲ್ಲ ನೋಡು. ಉಸಿರು ವಾಪಸ್ಸು ಬಂದ ಮರುಗಳಿಗೆಯೇ, ಎಲ್ಲರೂ ಇವಳನ್ನೇ ಹೊಗಳುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಇಂಥವಳು ನಾನು. ನಿನಗೆ ಗೊತ್ತಿರುವುದೇ.

ಈಗ ಅದೇ ರೂಢಿಯಾಗಿದೆ. ಗಣಪತಿ ಬಿಡಲು ಹೋಗುವ ಹುಡುಗರು ಮೆರವಣಿಗೆ ನಿಲ್ಲಿಸಿ ಬೂಟಿಗೇ ಹಾರ ಹಾಕಿದರು. ಕೊರಳಿಗೆ ಹಾಕಬಾರದಂತೆ, ಪಾದಕ್ಕೇ ಅಂತೆ, ಯಾರು ಹೇಳಿದರೋ. ಮಲ್ಲಾಜಮ್ಮ ಬೂಟಿನ ಅಳತೆಗೇ ಗಿಡ್ಡ ಹಾರ ಕಟ್ಟಿ ಮಾರುತ್ತಿದ್ದಾಳೆ. ‘ನಿನ್ ವಾರ್ಗಿತ್ತಿ ಬಲೇ ಎಂಗ್ಸು ಕಣೇ’ ಅಂದಳು.

ಇವರು ಮೀಸೆ ತೆಗೆದುಬಿಟ್ಟಿದ್ದಾರೆ. ಡೇರಿಯಿಂದ ಬರುವಾಗ ಸರ್ಕಲ್ಲಿನಲ್ಲಿ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ದಾಟಿ, ಆಮೇಲೆ ಹತ್ತುತ್ತಾರೆ. ಯಾಕೆಂದರೆ, ‘ಅವ್ನ್ ನಿಂತಿರೋವಾಗ ನಾನ್ ಕುಂತ್ಕಂಡ್ ಓಗೋದಾ’ ಅನ್ನುತ್ತಾರೆ. ಅದು ತನ್ನದೇ ಮುಖ ಎನ್ನುವುದು ಇವರಿಗೆ ಮರೆತೇ ಹೋದ ಹಾಗಿದೆ. ನನಗೆ ಮಾತ್ರ ಮರೆಯುವುದಿಲ್ಲ.

ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಹಾರ ಎತ್ತಿ ಹಿಡಿದವಳು ಯಾಕೆ ಇಳಿಸಿದೆ?

ಬರುವ ಅಮಾವಾಸ್ಯೆಗೆ ಹಿರಿಯರ ಹಬ್ಬ. ಶಿವರಾಜುವಿಗೆ ಎಡೆ ಇಡುವಾಗ ನೀನು ಇರಬೇಕು. ಅಡುಗೆ ಮನೆಯಲ್ಲಲ್ಲ, ಎಡೆಯ ಮುಂದೆ. ಅತ್ತೆಗೆ ಹೇಳಿದ್ದೇನೆ. ‘ನಿಮ್ಗೆ ಅದು ಬ್ಯಾಡ್ದಿದ್ರೆ ನಾನೂ ಒಳ್ಗೇ ಇರ್ತೀನಿ, ಎಡೆ ನೀವೇ ಇಟ್ಕಳಿ’ ಅಂದೆ. ಅವರು, ‘ಅವಂಗ್ ಮೀನ್ಸಾರು ಅವ್ಳ್ ಮಾಡಿದ್ದೇ ಇಷ್ಟವಾಗಿತ್ತು, ಬರೇಳು’ ಅಂದರು.

ವಾಣಿ


ನಂಜನಗೂಡು
15 ಸೆಪ್ಟೆಂಬರ್ 2025

ವಾಣಕ್ಕ,

ನಿನ್ನ ಮೇಲೆ ಕರುಣೆ ಬಂದು ಹಾರ ಇಳಿಸಿದೆ ಎಂದುಕೊಂಡಿದ್ದರೆ ಆ ಸಂತೋಷ ಬೇಡ. ಕೊರಳಿಗೆ ಹಾಕಬೇಕೆಂದೇ ಮೆಟ್ಟಿಲು ಹತ್ತಿದೆ. ನಿನಗೆ ಗೊತ್ತಾಗಲಿ ಎಂದು ಹತ್ತಿದೆ. ಹಾರ ಹಾಕಿದ ಮುಖವನ್ನು ದಿನಾ ನೋಡುವುದು ಹೇಗಿರುತ್ತದೆ ಎಂದು ನೀನೂ ಒಂದು ಸಲ ನೋಡು ಎಂದುಕೊಂಡೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಒಂದು ಹನಿ ಕಣ್ಣೀರೂ ಬರಲಿಲ್ಲ.

ಮೇಲೆ ನಿಂತಾಗ ಜನರೆಲ್ಲ ಕಂಡರು. ನೀನು ಕಣ್ಣು ಮುಚ್ಚಿದ್ದೂ ಕಂಡಿತು. ನಿನ್ನ ಹಿಂದೆ ಭಾವ ಪಲ್ಲವಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಮಗು ಅವರ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು. ಕಿವಿಯ ಹತ್ತಿರ ಎಲ್ಲ ಬೆಳ್ಳಗಾಗಿದೆ ಅಕ್ಕ. ನಾನು ಅದನ್ನು ಗಮನಿಸಿರಲೇ ಇಲ್ಲ. ಹೊಟ್ಟೆಯೂ ಸ್ವಲ್ಪ ಬಂದಿದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಮನುಷ್ಯ ಆಗಲೇ ಅಷ್ಟು ಬದಲಾಗಿದ್ದರು.

ತಿರುಗಿ ಈ ಕಡೆ ನೋಡಿದೆ. ನನ್ನ ಎದುರಿಗಿದ್ದ ಮುಖಕ್ಕೆ ಏನೂ ಆಗಿರಲಿಲ್ಲ. ಅದಕ್ಕೆ ಇನ್ನು ಏನೂ ಆಗುವುದಿಲ್ಲ. ನನ್ನ ಫೋನಿನಲ್ಲಿರುವವರಿಗೂ ಹಾಗೇ. ನನ್ನವರು ಮೂವತ್ತಮೂರಕ್ಕೆ ನಿಂತರು, ಇದೂ ಅಲ್ಲೇ ನಿಂತಿದೆ. ಮುಂದಕ್ಕೆ ಹೋಗುತ್ತಿರುವವರು ಭಾವ ಒಬ್ಬರೇ. ಅವರನ್ನೂ ಇಲ್ಲಿ ನಿಲ್ಲಿಸುವುದು ಬೇಡ ಅನ್ನಿಸಿತು, ಹಾರ ಇಳಿಸಿದೆ. ಬೂಟು ನನ್ನವರದೇ, ಅದರಲ್ಲಿ ಅನುಮಾನವಿಲ್ಲ. ಪ್ರೇಮ್‌ಕುಮಾರ್ ನೋಡಿ ಮಾಡಲೆಂದು ಅದನ್ನು ನಾನೇ ಕೊಟ್ಟು ಬಂದಿದ್ದೆ, ಮೇ ತಿಂಗಳ ಕಾಗದ ಬರೆದ ಮಾರನೆಯ ದಿನ, ಅಚ್ಚು ತೆಗೆಯುವ ಮುಂಚೆ, ಭಾವ ಶೆಡ್ಡಿನಲ್ಲಿ ಇಲ್ಲದಾಗ. ಎಡ ಬೂಟಿನ ಮುಂತುದಿ ಸವೆದಿರುತ್ತದೆ, ಹೋದಾಗ ನೋಡು. ನಾನು ಹಣೆ ಇಟ್ಟದ್ದು ಅಲ್ಲಿಗೆ.

ಅಮಾವಾಸ್ಯೆಗೆ ಬರುತ್ತೇನೆ. ಮೀನು ಸಂಗಮದ ಕಡೆಯಿಂದ ತರಿಸು, ಬೆಳಿಗ್ಗೆಯೇ. ಆ ಶರ್ಟು ನನಗೆ ವಾಪಸ್ಸು ಬೇಕು. ಒಗೆದದ್ದಾದರೂ ಬೇಕು.

ನಿನ್ನ ಮೇಲಿನ ಹೊಟ್ಟೆಕಿಚ್ಚು ಹೋಗಿಲ್ಲ. ಹೋಗುವುದೂ ಇಲ್ಲ. ಭಾವ ಕೆಮ್ಮಿದರೆ ನೀನು ಬೈಯುತ್ತೀಯ, ತಡವಾಗಿ ಬಂದರೆ ಅನುಮಾನ ಪಡುತ್ತೀಯ, ಅದೆಲ್ಲ ನನಗೆ ಬೇಕಿತ್ತು. ಆದರೆ ಒಂದು ಲೆಕ್ಕ ಹಾಕಿಕೊಂಡಿದ್ದೇನೆ. ಭಾವನ ತಲೆ ಪೂರ್ತಿ ನರೆಯುತ್ತದೆ, ಹಲ್ಲು ಬೀಳುತ್ತವೆ, ಕೆನ್ನೆ ಒಳಗೆ ಹೋಗುತ್ತದೆ. ಕೋಲು ಹಿಡಿದುಕೊಂಡು ಆ ಸರ್ಕಲ್ಲಿನಲ್ಲಿ ನಿಂತಾಗ, ಮೇಲಿರುವುದು ಇವರ ಮುಖ ಎಂದು ಮಲ್ಲಾಜಮ್ಮನ ಮೊಮ್ಮಕ್ಕಳಿಗೂ ಗೊತ್ತಾಗುವುದಿಲ್ಲ. ಅವತ್ತಿಗೆ ಅದು ನನ್ನ ಶಿವರಾಜುವಿನದೇ ಆಗುತ್ತದೆ. ಅವತ್ತು ನಾನೂ ಮುದುಕಿಯಾಗಿ ಬಂದು, ನಿನ್ನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಹಾರವನ್ನು ಕೊರಳಿಗೇ ಹಾಕುತ್ತೇನೆ.

ಅಲ್ಲಿಯವರೆಗೆ ಕಾಯುತ್ತೇನೆ. ಭಾವನನ್ನು ಚೆನ್ನಾಗಿ ನೋಡಿಕೊಂಡು ಮುದುಕನನ್ನಾಗಿ ಮಾಡು.

ಶಾಲಿನಿ